ಊಟದ ಮೇಲಿನ ಎದೆನೋವು: ಹೃದಯ, ಜಠರ, ಪಿತ್ತಕೋಶ ಒಂದೇ ಜಾಗದಲ್ಲಿ ನೋಯುವುದೇಕೆ?

ಜವಳಿ ಅಂಗಡಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ ಈಗ ಐವತ್ತೆಂಟು ವರ್ಷ. ಕೆಲವು ತಿಂಗಳಿಂದ ಊಟವಾಗಿ ಸ್ವಲ್ಪ ಹೊತ್ತಾದ ಮೇಲೆ, ಎದೆಯೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗದಲ್ಲಿ ಹಿಂಡಿದಂತಹ ನೋವು ಕಾಣಿಸಿಕೊಳ್ಳುತ್ತಿದೆ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದ ದಿನ ಅಥವಾ ಸಂಜೆ ಮಂಡಕ್ಕಿಯ ಜೊತೆ ಮಿರ್ಚಿ ಸೇರಿದ ದಿನ ಅದು ಹೆಚ್ಚು. ಅವರು ಗ್ಯಾಸ್ಟ್ರಿಕ್ ಎಂದು ತಾವೇ ತೀರ್ಮಾನಿಸಿ ಮಾತ್ರೆ ನುಂಗುತ್ತಾರೆ, ಸೋಡಾ ಕುಡಿಯುತ್ತಾರೆ, ತೇಗು ಬಂದರೆ ಹಗುರವಾಯಿತು ಎನ್ನುತ್ತಾರೆ. ಅತ್ತಿಗೆಯವರಿಗೆ ಮಾತ್ರ ಇದು ಹೃದಯದ ತೊಂದರೆಯೇ ಎಂಬ ಭಯ. ನೋವಿಲ್ಲದ ಹೊತ್ತಿನಲ್ಲಿ ಒಂದು ಇಸಿಜಿ ಮಾಡಿಸಿದೆವು, ಅದರಲ್ಲಿ ಏನೂ ಕಾಣಲಿಲ್ಲ.

ವೈದ್ಯರ ಬಳಿಗೆ ಹೇಗೂ ಹೋಗುತ್ತೇವೆ. ಔಷಧ ಹೇಳಿರೆಂದು ಕೇಳುತ್ತಿಲ್ಲ. ಹೃದಯ ಎದೆಯ ನಡುವೆ ಎಡಕ್ಕೆ ವಾಲಿಕೊಂಡಿದೆ, ಪಿತ್ತಕೋಶ ಬಲಗಡೆ ಯಕೃತ್ತಿನ ಅಡಿಯಲ್ಲಿದೆ, ಜಠರ ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯ ಕೆಳಗಿದೆ. ಇಷ್ಟು ಬೇರೆ ಬೇರೆ ಜಾಗದಲ್ಲಿರುವ ಅಂಗಗಳ ನೋವು ಒಂದೇ ಕಡೆ ಬಂದು ನಿಲ್ಲುವುದೇಕೆ? ಬೆರಳಿಗೆ ಮುಳ್ಳು ಚುಚ್ಚಿದರೆ ಯಾವ ಬೆರಳೆಂದು ಕಣ್ಣು ಮುಚ್ಚಿಯೂ ಹೇಳುವ ದೇಹಕ್ಕೆ ಇದು ಏಕೆ ತಿಳಿಯುವುದಿಲ್ಲ?

ಹರಿಹರದ ಮೇಷ್ಟ್ರು (ಜೀವಶಾಸ್ತ್ರ, ನಿವೃತ್ತ):

ಸಾಹುಕಾರರೇ, ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ಚರ್ಮಕ್ಕೆ ಹೊರಗಿನ ಜಗತ್ತಿನೊಂದಿಗೆ ವ್ಯವಹಾರವಿರುವುದರಿಂದ ಅದರಲ್ಲಿ ನರಗಳ ತುದಿಗಳು ಒತ್ತಾಗಿವೆ, ಪ್ರತಿ ಅಂಗುಲಕ್ಕೂ ಮೆದುಳಿನಲ್ಲಿ ಒಂದು ಗುರುತಿನ ಜಾಗವಿದೆ. ಒಳಗಿನ ಟೊಳ್ಳು ಅಂಗಗಳಿಗೆ, ಅಂದರೆ ಅನ್ನನಾಳ, ಜಠರ, ಕರುಳು, ಪಿತ್ತಕೋಶ, ಮೂತ್ರನಾಳ, ಮೂತ್ರಕೋಶ, ಗರ್ಭಕೋಶ ಮತ್ತು ಹೃದಯಕ್ಕೆ, ಅಂತಹ ನಕ್ಷೆ ಇಲ್ಲ. ನರಗಳು ವಿರಳ, ಮತ್ತು ಅವು ವರದಿ ಮಾಡುವ ಸಂಗತಿಗಳೂ ಕೆಲವೇ: ಗೋಡೆ ಮಿತಿಮೀರಿ ಹಿಗ್ಗಿತು, ಗೋಡೆಯ ಸ್ನಾಯು ಬಿಗಿಹಿಡಿಯಿತು, ಗೋಡೆಗೆ ರಕ್ತ ಸಾಲದಾಯಿತು, ಗೋಡೆ ಉರಿಯೂತಕ್ಕೆ ಸಿಕ್ಕಿತು. ಕತ್ತರಿಸಿದರೆ ಅಥವಾ ಸುಟ್ಟರೆ ಕರುಳು ನೋವನ್ನು ತಿಳಿಸುವುದಿಲ್ಲ, ಅದೇ ಕರುಳಿನಲ್ಲಿ ಗಾಳಿ ತುಂಬಿ ಹಿಗ್ಗಿದರೆ ಮನುಷ್ಯ ನೆಲಕ್ಕೆ ಬೀಳುವಷ್ಟು ನೋಯುತ್ತದೆ.

ಇದಕ್ಕೊಂದು ಹಳೆಯ, ಬಹಳ ಸೊಗಸಾದ ಸಾಕ್ಷ್ಯವಿದೆ. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು 1628ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ವಿಲಿಯಂ ಹಾರ್ವೆಯವರು ಒಬ್ಬ ಯುವಕನನ್ನು ಪರೀಕ್ಷಿಸುವ ಅವಕಾಶ ಪಡೆದರು. ಆತನಿಗೆ ಬಾಲ್ಯದಲ್ಲಿ ಬಿದ್ದು ಎಡ ಎದೆಯ ಪಕ್ಕೆಲುಬುಗಳು ಮುರಿದಿದ್ದವು. ಗಾಯ ಕೀವಾಗಿ, ಕೊನೆಗೆ ಮಾಯ್ದರೂ ಎದೆಯಲ್ಲಿ ಒಂದು ರಂಧ್ರ ಉಳಿದಿತ್ತು. ಅದರ ಮೂಲಕ ಮಿಡಿಯುವ ಹೃದಯವನ್ನು ಕಾಣಬಹುದಿತ್ತು. ಹಾರ್ವೆ ಅವನನ್ನು ಒಂದನೇ ಚಾರ್ಲ್ಸ್ ದೊರೆಯ ಬಳಿಗೆ ಕರೆದೊಯ್ದರು, ಇಬ್ಬರೂ ಹೃದಯವನ್ನು ಬೆರಳಿನಿಂದ ಮುಟ್ಟಿದರು, ಕಣ್ಣಿನಿಂದ ಕಂಡದ್ದನ್ನು ಮತ್ತು ಚರ್ಮಕ್ಕೆ ತಾಕಿದ್ದನ್ನು ಬಿಟ್ಟರೆ ಮುಟ್ಟಿದ್ದೇ ಆ ಯುವಕನಿಗೆ ತಿಳಿಯಲಿಲ್ಲ. ಹೃದಯಕ್ಕೆ ಸ್ಪರ್ಶಜ್ಞಾನವಿಲ್ಲ ಎಂದು ಹಾರ್ವೆ ಬರೆದಿಟ್ಟರು. ಅದೇ ಹೃದಯದ ಒಂದು ಸಣ್ಣ ರಕ್ತನಾಳ ಮುಚ್ಚಿಕೊಂಡರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು.

ಇನ್ನು ಜಾಗ ತಪ್ಪುವುದರ ಕಾರಣ. ಹೃದಯದ ನೋವಿನ ನರಗಳು ಬೆನ್ನುಹುರಿಯ ಎದೆಭಾಗದ ಮೇಲಿನ ನಾಲ್ಕೈದು ಖಂಡಗಳನ್ನು ಸೇರುತ್ತವೆ. ಅನ್ನನಾಳದವು ಅದೇ ಖಂಡಗಳಿಗೂ ಅವಕ್ಕಿಂತ ಕೆಳಗಿನವಕ್ಕೂ ಬರುತ್ತವೆ. ಜಠರ ಮತ್ತು ಪಿತ್ತಕೋಶದವು ಅದಕ್ಕೆ ತಾಗಿಕೊಂಡು ಐದರಿಂದ ಒಂಬತ್ತನೆಯ ಖಂಡದವರೆಗೆ ಹರಡಿವೆ. ಎದೆ, ಕೈ ಮತ್ತು ಹೊಟ್ಟೆಯ ಚರ್ಮದಿಂದ ಬರುವ ನರಗಳೂ ಇಳಿಯುವುದು ಈ ಖಂಡಗಳಲ್ಲೇ. ನಾಲ್ಕು ಬಾಗಿಲಿಗೆ ನಾಲ್ಕು ಗುಂಡಿಗಳನ್ನಿಟ್ಟು ಒಳಗೆ ಒಂದೇ ಗಂಟೆ ಕಟ್ಟಿದ ಮನೆಯಲ್ಲಿ, ಗಂಟೆ ಬಾರಿಸಿದಾಗ ಒಳಗಿದ್ದವರು ಪ್ರತಿದಿನ ಜನ ಬರುವ ಮುಂಬಾಗಿಲಿಗೇ ಓಡುತ್ತಾರೆ. ಮೆದುಳೂ ಹಾಗೆಯೇ ಅಭ್ಯಾಸವಿರುವ ಚರ್ಮದ ಕಡೆಗೆ ಬೆರಳು ತೋರಿಸುತ್ತದೆ. ಹೃದಯದ ನೋವು ಎಡಗೈಯ ಒಳಮಗ್ಗುಲಿಗೆ ಇಳಿಯುವುದು, ಕುತ್ತಿಗೆ ಮತ್ತು ದವಡೆಗೆ ಏರುವುದು, ಉರಿಯೂತಗೊಂಡ ಪಿತ್ತಕೋಶ ಬಲಭುಜದಲ್ಲಿ ನೋಯುವುದು, ಅಪೆಂಡಿಕ್ಸಿನ ನೋವು ಮೊದಲು ಹೊಕ್ಕುಳ ಸುತ್ತ ಕಾಣಿಸಿಕೊಳ್ಳುವುದು, ಎಲ್ಲವೂ ಈ ಏರ್ಪಾಟಿನ ಫಲ.

ದುರ್ಗದ ವಿದ್ಯಾರ್ಥಿನಿ (ದ್ವಿತೀಯ ಪಿಯುಸಿ):

ಮೇಷ್ಟ್ರೇ, ನನಗೊಂದು ಸಂದೇಹವಿದೆ. ತಾವು ಹೃದಯವನ್ನು ಜಠರ, ಮೂತ್ರಕೋಶಗಳ ಸಾಲಿನಲ್ಲಿ ಕೂರಿಸಿದ್ದೀರಿ. ನಮ್ಮ ಪಠ್ಯದಲ್ಲಿ ಹೃದಯದ ಸ್ನಾಯುವೇ ಬೇರೆ ಜಾತಿಯದು, ಅದರಲ್ಲಿ ಪಟ್ಟೆಗಳಿವೆ. ಉಳಿದವುಗಳಲ್ಲಿ ಇರುವುದು ಪಟ್ಟೆಗಳಿಲ್ಲದ ನಯವಾದ ಸ್ನಾಯು. ಹಾಗಿದ್ದರೆ ಟೊಳ್ಳಾಗಿದೆ ಎಂಬ ಒಂದೇ ಕಾರಣಕ್ಕೆ ಇವನ್ನು ಒಟ್ಟಿಗೆ ಸೇರಿಸುವುದು ಸರಿಯೇ? ಮಡಕೆಯೂ ಟೊಳ್ಳು, ಕೊಳವೆಯೂ ಟೊಳ್ಳು ಎಂದಂತಾಗುವುದಿಲ್ಲವೇ?

ಆಯುರ್ವೇದ ವೈದ್ಯ, ಹೊಳಲ್ಕೆರೆ:

ವಿದ್ಯಾರ್ಥಿನಿಯ ಸಂದೇಹಕ್ಕೆ ಸಾವಿರಾರು ವರ್ಷಗಳ ಹಿನ್ನೆಲೆಯಿದೆ ಎಂಬುದನ್ನು ಹೇಳಲು ಬರೆಯುತ್ತಿದ್ದೇನೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಏಳು ಆಶಯಗಳ, ಅಂದರೆ ತುಂಬಿಕೊಳ್ಳುವ ಚೀಲಗಳ, ಎಣಿಕೆಯಿದೆ: ವಾತ, ಪಿತ್ತ, ಶ್ಲೇಷ್ಮ, ರಕ್ತ, ಆಮ, ಪಕ್ವ ಮತ್ತು ಮೂತ್ರದ ಆಶಯಗಳು, ಸ್ತ್ರೀಯರಲ್ಲಿ ಎಂಟನೆಯದಾಗಿ ಗರ್ಭಾಶಯ. ಹೃದಯ ಆ ಪಟ್ಟಿಯಲ್ಲಿಲ್ಲ. ಚರಕ ಸಂಹಿತೆ ಹದಿನೈದು ಕೋಷ್ಠಾಂಗಗಳನ್ನು, ಅಂದರೆ ಮುಂಡದೊಳಗಿನ ಅಂಗಗಳನ್ನು, ಹೇಳುವಾಗ ಹೃದಯವನ್ನು ಬಸ್ತಿ (ಮೂತ್ರಕೋಶ) ಮತ್ತು ಕರುಳುಗಳ ಜೊತೆಗೆ ಸೇರಿಸುತ್ತದೆ, ಆದರೆ ಅದೇ ಪಟ್ಟಿಯಲ್ಲಿ ಗಟ್ಟಿಯಾದ ಯಕೃತ್ತು, ಪ್ಲೀಹ, ಮೂತ್ರಪಿಂಡಗಳೂ ಇವೆ. ಚೀನಾದ ಪ್ರಾಚೀನ ವೈದ್ಯದಲ್ಲಿ ಜಠರ, ಕರುಳು, ಪಿತ್ತಕೋಶ, ಮೂತ್ರಕೋಶಗಳು ತುಂಬಿ ಖಾಲಿಯಾಗುವ ವರ್ಗಕ್ಕೆ ಸೇರಿದರೆ, ಹೃದಯವನ್ನು ಯಕೃತ್ತು ಮತ್ತು ಮೂತ್ರಪಿಂಡಗಳೊಂದಿಗೆ ಸಂಗ್ರಹಿಸಿಡುವ ವರ್ಗಕ್ಕೆ ಸೇರಿಸಿದ್ದಾರೆ. ಹೃದಯವನ್ನು ಎಲ್ಲಿ ಇಡಬೇಕೆಂಬ ವಿಷಯದಲ್ಲಿ ಹಿಂದಿನವರಲ್ಲಿಯೇ ಒಮ್ಮತವಿರಲಿಲ್ಲ.

ಹರಿಹರದ ಮೇಷ್ಟ್ರು:

ವೈದ್ಯರು ಕೊಟ್ಟ ಮಾಹಿತಿ ಬೆಲೆಯುಳ್ಳದ್ದು. ಒಮ್ಮತ ಬರದಿರಲು ಮುಖ್ಯ ಕಾರಣ, ಹೃದಯದೊಳಗೆ ರಕ್ತ ಎಷ್ಟು ಬಂದು ಎಷ್ಟು ಹೋಗುತ್ತದೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಗ್ರೀಕ್ ವೈದ್ಯ ಗ್ಯಾಲೆನ್ ಎರಡನೆಯ ಶತಮಾನದಲ್ಲಿ, ಹೃದಯದ ಬಲ ಮತ್ತು ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ ಎಂದು ನಂಬಿದ್ದರು. ಹದಿಮೂರನೆಯ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್ ನಫೀಸ್ ಅಂತಹ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶವನ್ನು ಸುತ್ತಿಯೇ ಎಡಕ್ಕೆ ಬರಬೇಕು ಎಂದರು. ಹಾರ್ವೆ ಗುಣಾಕಾರ ಮಾಡಿದರು. ಇಂದಿನ ಅಂಕಿಗಳಲ್ಲಿ ಹೇಳುವುದಾದರೆ, ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಒಂದು ಮಿಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರದೂಡುತ್ತದೆ, ನಿಮಿಷಕ್ಕೆ ಸುಮಾರು 70 ಬಾರಿ ಮಿಡಿಯುತ್ತದೆ. ನಿಮಿಷಕ್ಕೆ ಐದು ಲೀಟರ್ ಆಯಿತು. ದೇಹದಲ್ಲಿರುವ ಒಟ್ಟು ರಕ್ತವೇ ಅಷ್ಟು! ಇಷ್ಟು ರಕ್ತ ಪ್ರತಿ ನಿಮಿಷ ಹೊಸದಾಗಿ ಹುಟ್ಟಲು ಸಾಧ್ಯವಿಲ್ಲ, ಅದೇ ರಕ್ತ ಮರಳಿ ಬರಬೇಕು. ತುಂಬಿಕೊಂಡು ಖಾಲಿ ಮಾಡುವ ಕೆಲಸವನ್ನು ಹೃದಯದಷ್ಟು ಸಲ ಮಾಡುವ ಅಂಗ ಬೇರೊಂದಿಲ್ಲ, ದಿನಕ್ಕೆ ಒಂದು ಲಕ್ಷ ಸಲ.

ತಾಯಿ, ಸ್ನಾಯುವಿನ ಜಾತಿ ಬೇರೆ ಎಂಬ ನಿನ್ನ ಮಾತು ನಿಜ. ಆದರೂ ಇವನ್ನು ಒಟ್ಟಿಗೆ ನೋಡಲು ಟೊಳ್ಳುತನಕ್ಕಿಂತ ಗಟ್ಟಿಯಾದ ಕಾರಣಗಳಿವೆ. ಹೃದಯ ಮತ್ತು ಕರುಳು ಎರಡಕ್ಕೂ ತಮ್ಮದೇ ಆದ ಲಯವಿದೆ; ದೇಹದಿಂದ ಹೊರತೆಗೆದು ತಕ್ಕ ದ್ರವದಲ್ಲಿಟ್ಟರೆ ಎರಡೂ ಸ್ವಲ್ಪ ಹೊತ್ತು ತಾವೇ ಚಲಿಸುತ್ತವೆ. ಹೃದಯಕ್ಕೆ ಬಲ ಹೃತ್ಕರ್ಣದ, ಅಂದರೆ ಬಲಗಡೆಯ ಮೇಲಿನ ಕೋಣೆಯ, ಗೋಡೆಯಲ್ಲಿರುವ ಲಯದ ಗಂಟು ಆಜ್ಞೆ ಕೊಡುತ್ತದೆ, ಕರುಳಿಗೆ ಅದರ ಗೋಡೆಯಲ್ಲೇ ಹೆಣೆದುಕೊಂಡ ಕೋಟ್ಯಂತರ ನರಕೋಶಗಳ ಜಾಲವಿದೆ. ಎರಡರ ಗೋಡೆಯೂ ಹಿಗ್ಗುವಿಕೆಗೆ ಉತ್ತರ ಕೊಡುತ್ತದೆ. ಈ ಎರಡನ್ನೂ ಅಧ್ಯಯನ ಮಾಡಿದವರು ಒಬ್ಬರೇ ಎಂಬುದು ಕುತೂಹಲದ ಸಂಗತಿ. ಲಂಡನ್ನಿನ ಶರೀರಕ್ರಿಯಾ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ ಅವರು ಸಹೋದ್ಯೋಗಿ ಬೇಲಿಸ್ ಅವರೊಂದಿಗೆ 1899ರಲ್ಲಿ, ಕರುಳಿನ ಒಂದು ಜಾಗದಲ್ಲಿ ಗೋಡೆ ಹಿಗ್ಗಿದರೆ ಅದರ ಮೇಲ್ಭಾಗ ಬಿಗಿದು ಕೆಳಭಾಗ ಸಡಿಲಗೊಂಡು ಆಹಾರ ಮುಂದಕ್ಕೆ ಸಾಗುತ್ತದೆ ಎಂದು ತೋರಿಸಿದರು. ಮುಂದೆ ಅವರೇ, ಮಿತಿಯೊಳಗೆ ಹೃದಯ ಹೆಚ್ಚು ತುಂಬಿ ಹಿಗ್ಗಿದಷ್ಟೂ ಮುಂದಿನ ಮಿಡಿತ ಬಲವಾಗುತ್ತದೆ ಎಂಬ ನಿಯಮವನ್ನು ಸ್ಥಾಪಿಸಿದರು. ಜರ್ಮನಿಯ ಆಟೋ ಫ್ರಾಂಕ್ ಅದನ್ನು ಕಪ್ಪೆಯ ಹೃದಯದಲ್ಲಿ ಮೊದಲೇ ಗಮನಿಸಿದ್ದರು. ಇದರಿಂದಾಗಿ ಬಲಗಡೆಯ ಹೃದಯ ಕಳಿಸಿದಷ್ಟನ್ನು ಎಡಗಡೆಯ ಹೃದಯ ಯಾರ ಆಜ್ಞೆಯೂ ಇಲ್ಲದೆ ಮುಂದಕ್ಕೆ ದೂಡುತ್ತದೆ.

ಮೂತ್ರಕೋಶದ ಸ್ವಭಾವ ಬೇರೆ. ಅದು ತುಂಬುತ್ತಾ ಹೋದರೂ ಒಳಗಿನ ಒತ್ತಡ ಏರದಂತೆ ಗೋಡೆ ಸಡಿಲಗೊಳ್ಳುತ್ತದೆ, ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ, ಅದರ ಬಾಯಿಯನ್ನು ಹೊರಗಿನಿಂದ ಬಿಗಿಹಿಡಿಯುವುದು ನಮ್ಮ ಇಚ್ಛೆಗೆ ಒಳಪಟ್ಟ ಸ್ನಾಯು. ಅದರಿಂದಲೇ ಬಸ್ಸು ನಿಲ್ಲುವವರೆಗೆ ಕಾಯಲು ಸಾಧ್ಯವಾಗುವುದು.

ನಿವೃತ್ತ ಶುಶ್ರೂಷಕಿ, ದಾವಣಗೆರೆ:

ಮೇಷ್ಟ್ರು ಕಾರಣ ವಿವರಿಸಿದ್ದಾರೆ. ನಾನು ವಾರ್ಡಿನಲ್ಲಿ ಕಂಡದ್ದರ ಆಧಾರದ ಮೇಲೆ ಸಾಹುಕಾರರ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ಹೇಳಬೇಕು. ನಮ್ಮ ಊರಿನಲ್ಲಿ ಎಲ್ಲರೂ ಕೊಡುವ ವಾದವೊಂದಿದೆ: ಊಟವಾದ ಮೇಲೆ ಬಂದ ನೋವು, ಆದ್ದರಿಂದ ಅದು ಹೊಟ್ಟೆಯದೇ. ಈ ವಾದ ನಿಲ್ಲುವುದಿಲ್ಲ. ಹೊಟ್ಟೆತುಂಬ ಉಂಡಾಗ ಕರುಳಿಗೆ ಹರಿಯುವ ರಕ್ತ ಹೆಚ್ಚುತ್ತದೆ, ಅದನ್ನು ಒದಗಿಸಲು ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಹೃದಯದ ಸ್ವಂತ ರಕ್ತನಾಳಗಳು ಕಿರಿದಾಗಿರುವ ವ್ಯಕ್ತಿಗೆ, ಅದರಲ್ಲೂ ಉಂಡ ಕೂಡಲೇ ಎದ್ದು ನಡೆದಾಗ ಅಥವಾ ಮಹಡಿ ಹತ್ತಿದಾಗ, ಎದೆ ಹಿಡಿದುಕೊಳ್ಳುವುದು ಇದರಿಂದಲೇ. ಅವರು ಕೂತು ತೇಗುತ್ತಾರೆ, ಕೂತದ್ದರಿಂದ ಹೃದಯದ ಕೆಲಸ ಇಳಿದು ನೋವು ಹೋಗುತ್ತದೆ, ಯಶಸ್ಸು ಸೋಡಾಕ್ಕೆ ಸಲ್ಲುತ್ತದೆ.

ಎರಡನೆಯ ವಾದ, ಎದೆಯುರಿಯ ಔಷಧಕ್ಕೆ ನೋವು ಇಳಿಯಿತು, ಆದ್ದರಿಂದ ಹೃದಯದ್ದಲ್ಲ ಎಂಬುದು. ಇದೂ ನಂಬಿಕೆಗೆ ಅರ್ಹವಲ್ಲ, ಹೃದಯದ ನೋವು ತಾನಾಗಿಯೇ ಬಂದು ಹೋಗುವ ಸ್ವಭಾವದ್ದು. ತಿರುಗಿಸಿ ಹೇಳುವುದಾದರೆ, ಹೃದಯದ ನೋವಿಗೆಂದು ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಗೆ ನೋವು ಇಳಿದರೂ ಅದು ಹೃದಯದ್ದೇ ಎನ್ನಲಾಗದು, ಆ ಔಷಧ ಅನ್ನನಾಳದ ನಯವಾದ ಸ್ನಾಯುವನ್ನೂ ಸಡಿಲಿಸುತ್ತದೆ. ಹೃದಯದ ಕೆಳಗೋಡೆಯ ಆಘಾತದಲ್ಲಿ ಹೊಟ್ಟೆಯ ಮೇಲ್ಭಾಗದ ನೋವು, ವಾಂತಿ, ಬೆವರು ಇವೇ ಮುಂದಾಗಿ ಬರುವುದುಂಟು, ಎದೆನೋವು ಹೇಳುವಷ್ಟು ಇಲ್ಲದಿರಬಹುದು. ಮಹಿಳೆಯರಲ್ಲಿ ಮತ್ತು ವಯಸ್ಸಾದವರಲ್ಲಿ ಹೃದಯಾಘಾತ ಬರಿಯ ಉಸಿರುಕಟ್ಟುವಿಕೆ ಮತ್ತು ಸುಸ್ತಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು.

ಸಕ್ಕರೆ ಕಾಯಿಲೆಯವರ ವಿಷಯ ಇನ್ನೂ ಸೂಕ್ಷ್ಮ. ವರ್ಷಗಟ್ಟಲೆ ನಿಯಂತ್ರಣವಿಲ್ಲದ ಸಕ್ಕರೆ ಒಳಾಂಗಗಳ ನರಗಳನ್ನು ಹಾಳುಮಾಡುತ್ತದೆ, ಮತ್ತು ಅದು ಒಂದು ಅಂಗಕ್ಕೆ ಸೀಮಿತವಲ್ಲ. ಜಠರ ನಿಧಾನವಾಗಿ ಖಾಲಿಯಾಗಿ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ, ಮೂತ್ರಕೋಶ ತುಂಬಿದ್ದು ತಿಳಿಯುವುದಿಲ್ಲ, ಹೃದಯಕ್ಕೆ ರಕ್ತ ಕಡಿಮೆಯಾದರೂ ನೋವೇ ಬರುವುದಿಲ್ಲ. ಸಾಹುಕಾರರು ಅಣ್ಣನವರ ಸಕ್ಕರೆಯ ಬಗ್ಗೆ ಏನೂ ಬರೆದಿಲ್ಲ. ದಯವಿಟ್ಟು ತಿಳಿಸಿ. ನೋವಿಲ್ಲದಾಗ ತೆಗೆದ ಒಂದು ಇಸಿಜಿ ಸರಿಯಿದ್ದರೆ ಅದು ಆ ಕ್ಷಣದ ಸಮಾಚಾರ ಮಾತ್ರ. ನೋವಿರುವಾಗ ತೆಗೆದದ್ದು, ಅಗತ್ಯವಿದ್ದರೆ ಮತ್ತೆ ತೆಗೆದದ್ದು, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೊಪೋನಿನ್ ರಕ್ತಪರೀಕ್ಷೆ, ಆಮೇಲೆ ಟ್ರೆಡ್‌ಮಿಲ್, ಇವುಗಳಿಂದ ವೈದ್ಯರು ಒಂದು ನಿರ್ಣಯಕ್ಕೆ ಬರುತ್ತಾರೆ.

ಲಾರಿ ಮಾಲೀಕ, ಹಿರಿಯೂರು:

ಸಿಸ್ಟರ್ ಅವರ ಮಾತಿಗೆ ಗೌರವವಿದೆ, ಆದರೆ ಹೀಗೆ ಬರೆದರೆ ಜನ ಪ್ರತಿ ತೇಗಿಗೂ ಆಸ್ಪತ್ರೆಗೆ ಓಡುವಂತಾಗುವುದಿಲ್ಲವೇ? ನಮ್ಮ ಚಾಲಕರು ಹೆದ್ದಾರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುತ್ತಾರೆ, ಎದೆಯುರಿ ಇಲ್ಲದವರೇ ಇಲ್ಲ. ಎಲ್ಲರಿಗೂ ಟ್ರೆಡ್‌ಮಿಲ್, ಆಂಜಿಯೋಗ್ರಾಂ ಎಂದರೆ ದುಡ್ಡು ಯಾರು ಕೊಡಬೇಕು? ಒಂದು ಕಡೆ ನಮ್ಮ ಚಾಲಕನೊಬ್ಬನನ್ನು ಬರಿಯ ಎದೆಯುರಿಗೆ ಮೂರು ದಿನ ಮಲಗಿಸಿಕೊಂಡು ದೊಡ್ಡ ಬಿಲ್ಲು ಕೊಟ್ಟರು. ಆ ಕೋಪ ನನಗಿನ್ನೂ ಇಳಿದಿಲ್ಲ.

ನಿವೃತ್ತ ಶುಶ್ರೂಷಕಿ, ದಾವಣಗೆರೆ:

ನಿಮ್ಮ ಕೋಪ ನ್ಯಾಯವಾದದ್ದೇ. ಎದೆಯುರಿಯೆಲ್ಲ ಹೃದಯದ್ದೆಂದು ನಾನು ಹೇಳುತ್ತಿಲ್ಲ. ಮಲಗಿದಾಗ ಮತ್ತು ಬಗ್ಗಿದಾಗ ಹೆಚ್ಚುವ, ಗಂಟಲಿಗೆ ಹುಳಿ ನೀರು ತರುವ, ವರ್ಷಗಳಿಂದ ಒಂದೇ ರೀತಿಯಲ್ಲಿರುವ ಉರಿ ಬಹುಮಟ್ಟಿಗೆ ಅನ್ನನಾಳದ್ದೇ. ನಡೆದಾಗ ಬಂದು ನಿಂತಾಗ ಹೋಗುವ ಹಿಡಿತ, ಹೊಸದಾಗಿ ಶುರುವಾದ ನೋವು, ಬೆವರು ಅಥವಾ ಉಸಿರಾಟದ ತೊಂದರೆ ಜೊತೆಗೂಡಿದ ನೋವು, ಹದಿನೈದು ಇಪ್ಪತ್ತು ನಿಮಿಷವಾದರೂ ಇಳಿಯದ ನೋವು, ಇವುಗಳಲ್ಲಿ ಯಾವುದಿದ್ದರೂ ಕಾಯಬಾರದು. 108ಕ್ಕೆ ಕರೆ ಮಾಡಬೇಕು, ತಾವೇ ಗಾಡಿ ಓಡಿಸಿಕೊಂಡು ಹೋಗಬಾರದು. ಎದೆನೋವಿನವರು ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬುದು ಎಲ್ಲೆಡೆ ಒಪ್ಪಿಕೊಂಡ ನಿಯಮ.

ದುಡ್ಡಿನ ವಿಷಯದಲ್ಲಿ ಒಂದು ಸಂಗತಿ ಚಾಲಕರೆಲ್ಲರಿಗೂ ತಿಳಿದಿರಲಿ. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸಿ, ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡಿದೆ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಹೊರಗೆ ಆ ಮದ್ದಿನ ಬೆಲೆ ಹತ್ತಾರು ಸಾವಿರ ರೂಪಾಯಿ. ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಅದರ ಫಲ ಹೆಚ್ಚು, ಹನ್ನೆರಡು ಗಂಟೆ ಕಳೆದ ಮೇಲೆ ಬಹುತೇಕ ಉಪಯೋಗಕ್ಕೆ ಬಾರದು. ಸೋಡಾ ಕುಡಿದು ಬೆಳಗಾಗಲಿ ಎಂದು ಕಾಯುವವರು ಕಳೆದುಕೊಳ್ಳುವುದು ಈ ಗಂಟೆಗಳನ್ನೇ.

ಮಂಡಕ್ಕಿ ಭಟ್ಟಿ ಬಡಾವಣೆಯ ನಿವಾಸಿ:

ಸಂಬಂಧಪಟ್ಟ ಒಂದು ಪ್ರಶ್ನೆ. ನಮ್ಮ ತಂದೆಯವರ ಎಕೋ (ಹೃದಯದ ಸ್ಕ್ಯಾನಿಂಗ್) ವರದಿಯಲ್ಲಿ ಇ.ಎಫ್. 60 ಪ್ರತಿಶತ ಎಂದು ಬರೆದಿದ್ದಾರೆ. ಹಾಗಾದರೆ ಹೃದಯ 40 ಪ್ರತಿಶತ ಕೆಟ್ಟಿದೆ ಎಂದೇ? ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಹರಿಹರದ ಮೇಷ್ಟ್ರು:

ಇವತ್ತು ರಾತ್ರಿ ನೆಮ್ಮದಿಯಿಂದ ಮಲಗಿ. ಅದು ಪರೀಕ್ಷೆಯ ಅಂಕಪಟ್ಟಿಯಲ್ಲ. ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡಗಡೆಯ ಕೆಳಗಿನ ಕೋಣೆ, ತುಂಬಿದಾಗ ಅದರಲ್ಲಿ ಸುಮಾರು 120 ಮಿಲಿಲೀಟರ್ ರಕ್ತವಿರುತ್ತದೆ, ಹಿಂಡಿದಾಗ ಸುಮಾರು 70 ಹೊರಹೋಗಿ 50 ಒಳಗೇ ಉಳಿಯುತ್ತದೆ. ತುಂಬಿದ್ದರಲ್ಲಿ ಎಷ್ಟು ಪಾಲು ಹೊರಹೋಯಿತೆಂಬುದೇ ಇ.ಎಫ್. ಆರೋಗ್ಯವಂತರಲ್ಲಿ ಅದು 55ರಿಂದ 70ರ ಆಸುಪಾಸಿನಲ್ಲಿರುತ್ತದೆ. ಯಾರ ಹೃದಯವೂ ಪೂರ್ತಿ ಬರಿದಾಗುವುದಿಲ್ಲ. ಉಳಿದ ರಕ್ತ ವ್ಯರ್ಥವೂ ಅಲ್ಲ, ಓಡಬೇಕಾಗಿ ಬಂದಾಗ ಹೃದಯ ಇನ್ನಷ್ಟು ಬಲವಾಗಿ ಹಿಂಡಿ ಅದರಿಂದಲೇ ಹೆಚ್ಚಿನ ಪಾಲನ್ನು ಹೊರತೆಗೆಯುತ್ತದೆ. ಪಿತ್ತಕೋಶಕ್ಕೂ ಇಂತಹದೇ ಒಂದು ಅಳತೆಯಿದೆ, ಅಲ್ಲಿ 40 ಇದ್ದರೂ ಸಾಕಷ್ಟಾಯಿತು. ಮೂತ್ರಕೋಶ ಮಾತ್ರ ಬಹುತೇಕ ಪೂರ್ತಿ ಖಾಲಿಯಾಗಬೇಕು, ಅಲ್ಲಿ ಉಳಿದ ಮೂತ್ರ ಸೋಂಕಿಗೂ ಕಲ್ಲಿಗೂ ದಾರಿ.

ಇಲ್ಲಿ ಇನ್ನೊಂದು ಮಾತು ಸೇರಿಸಿದರೆ ವಿದ್ಯಾರ್ಥಿನಿಯ ಮೊದಲ ಸಂದೇಹಕ್ಕೂ ಉತ್ತರ ಪೂರ್ಣವಾದೀತು. ಟೊಳ್ಳು ಅಂಗವೊಂದು ತಡೆಯ ಎದುರು ದೂಡಬೇಕಾಗಿ ಬಂದರೆ ಅದರ ಗೋಡೆ ದಪ್ಪವಾಗುತ್ತದೆ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರದ ದಾರಿಯನ್ನು ಒತ್ತಿದಾಗ ಮೂತ್ರಕೋಶದ ಸ್ನಾಯು ಹೊರಚಾಚಿದ ಎಳೆಗಳಾಗಿ ದಪ್ಪಗಟ್ಟುತ್ತದೆ. ರಕ್ತದ ಒತ್ತಡ ಹೆಚ್ಚಾದವರಲ್ಲಿ ಎಡ ಹೃತ್ಕುಕ್ಷಿಗೆ ಆಗುವುದೂ ಅದೇ. ಸಹಜವಾಗಿಯೇ ಅದರ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ, ಒತ್ತಡ ಏರಿದರೆ ಇನ್ನೂ ದಪ್ಪವಾಗುತ್ತದೆ. ಮೊದಮೊದಲು ಇದು ಉಪಕಾರವೇ. ತಡೆ ವರ್ಷಗಟ್ಟಲೆ ಮುಂದುವರಿದರೆ ಎರಡೂ ಅಂಗಗಳು ಸೋತು ಹಿಗ್ಗುತ್ತವೆ. ಹಿಗ್ಗಿದ ಗೋಡೆಯ ಮೇಲೆ ಬೀಳುವ ಎಳೆತ ಅದರ ಅಗಲದೊಂದಿಗೆ ಏರುತ್ತದೆ ಎಂಬ ಲ್ಯಾಪ್ಲಾಸ್ ನಿಯಮದಿಂದಾಗಿ, ಹಿಗ್ಗಿದ ಹೃದಯ ಅದೇ ಕೆಲಸಕ್ಕೆ ಹೆಚ್ಚು ಶ್ರಮ ಪಡುತ್ತದೆ. ದೊಡ್ಡ ಕರುಳು ಕೆಳಗೆಲ್ಲೋ ಕಟ್ಟಿಕೊಂಡಾಗ ಒಡೆಯುವ ಅಪಾಯ ಹೆಚ್ಚಾಗಿರುವುದು ಕಟ್ಟಿಕೊಂಡ ಜಾಗದಲ್ಲಲ್ಲ, ಎಲ್ಲಕ್ಕಿಂತ ಅಗಲವಾದ ಅದರ ಆರಂಭದ ಚೀಲದಲ್ಲಿ ಎಂಬುದೂ ಇದೇ ನಿಯಮದ ಮಾತು. ಭೌತಶಾಸ್ತ್ರಕ್ಕೆ ಸ್ನಾಯುವಿನ ಜಾತಿಭೇದವಿಲ್ಲ.

ಚಳ್ಳಕೆರೆಯ ಶೇಂಗಾ ಬೆಳೆಗಾರ:

ನಮ್ಮ ಕಡೆ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರಿಗೆ ಕಲ್ಲಿನ ನೋವು ಸಾಮಾನ್ಯ. ನನಗೂ ಆಗಿದೆ. ಬೆನ್ನಿನ ಪಕ್ಕೆಯಲ್ಲಿ ಹುಟ್ಟಿ ತೊಡೆಯ ಸಂದಿಗೆ ಇಳಿಯಿತು, ಕೂತರೂ ಮಲಗಿದರೂ ಹೊರಳಿದರೂ ಸಮಾಧಾನವಿಲ್ಲ. ಕಲ್ಲು ಚೂಪಾಗಿ ಗೀರುವುದರಿಂದ ನೋವು ಎಂದು ತಿಳಿದಿದ್ದೆ. ಮೇಷ್ಟ್ರ ಮೊದಲ ಬರಹ ಓದಿದ ಮೇಲೆ ಅದು ಹೌದೋ ಅಲ್ಲವೋ ಎಂಬ ಯೋಚನೆ ಬಂದಿದೆ.

ಹರಿಹರದ ಮೇಷ್ಟ್ರು:

ಯಜಮಾನರೇ, ಗೀರುವಿಕೆಗಿಂತ ಹಿಗ್ಗುವಿಕೆ ಮುಖ್ಯ. ಮೂತ್ರನಾಳ 25ರಿಂದ 30 ಸೆಂಟಿಮೀಟರ್ ಉದ್ದದ, ಕೆಲವೇ ಮಿಲಿಮೀಟರ್ ಅಗಲದ ಸ್ನಾಯುವಿನ ಕೊಳವೆ. ಕಲ್ಲು ಸಿಕ್ಕಿಕೊಂಡಾಗ ಅದರ ಮೇಲ್ಗಡೆ ಮೂತ್ರ ನಿಂತು ಗೋಡೆ ಹಿಗ್ಗುತ್ತದೆ, ಸ್ನಾಯು ಕಲ್ಲನ್ನು ದೂಡಲು ಬಿಗಿಹಿಡಿಯುತ್ತದೆ. ಅದರ ನರಗಳು ಬೆನ್ನುಹುರಿಯ ಸೊಂಟದ ಕಡೆಯ ಖಂಡಗಳನ್ನು ಸೇರುವುದರಿಂದ ನೋವು ತೊಡೆಸಂದಿಗೆ ಇಳಿಯುತ್ತದೆ, ಎದೆಗೆ ಏರುವುದಿಲ್ಲ. ಐದು ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳು ಬಹುಪಾಲು ತಾವೇ ಹೊರಬೀಳುತ್ತವೆ. ಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಒಂದು ಗಳಿಗೆಯೂ ತಡಮಾಡಬಾರದು. ಬಿಸಿಲಿನ ದಿನಗಳಲ್ಲಿ ಮೂತ್ರ ತಿಳಿಬಣ್ಣಕ್ಕೆ ಬರುವಷ್ಟು ನೀರು ಕುಡಿಯಿರಿ.

ನೀವು ಹೊರಳಾಡಿದೆ ಎಂದಿರಿ, ಅದೂ ಒಂದು ಲಕ್ಷಣ. ಕೊಳವೆ ಬಿಗಿಹಿಡಿದ ನೋವಿನಲ್ಲಿ ರೋಗಿ ಒಂದೆಡೆ ನಿಲ್ಲಲಾರ. ಕರುಳು ತೂತುಬಿದ್ದು ಹೊಟ್ಟೆಯ ಒಳಪೊರೆಗೆ ಉರಿಯೂತ ತಗುಲಿದರೆ ಅಲುಗಾಡದೆ ಮಲಗುತ್ತಾನೆ, ಏಕೆಂದರೆ ಆ ಪೊರೆಗೆ ಚರ್ಮದಂತೆಯೇ ಚುರುಕಾದ ನರಗಳಿವೆ.

ಜವಳಿ ಅಂಗಡಿ, ದಾವಣಗೆರೆ:

ಸಿಸ್ಟರ್ ಕೇಳಿದ್ದರು, ಅಣ್ಣನಿಗೆ ಸಕ್ಕರೆ ಕಾಯಿಲೆಯಿದೆ. ಇಲ್ಲಿಯ ಬರಹಗಳನ್ನು ಓದಿಸಿದ ಮೇಲೆ ಎರಡೂ ಕಡೆಯ ಪರೀಕ್ಷೆಗೆ ಒಪ್ಪಿದರು. ಹೃದಯದ ತಜ್ಞರು ಎಕೋ ಮತ್ತು ಟ್ರೆಡ್‌ಮಿಲ್ ಎರಡನ್ನೂ ಮಾಡಿಸಿ ಸದ್ಯಕ್ಕೆ ತೊಂದರೆ ಕಾಣುತ್ತಿಲ್ಲ ಎಂದರು. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ಕಲ್ಲುಗಳು ಕಂಡವು. ಈಗ ಪಿತ್ತಕೋಶವನ್ನೇ ತೆಗೆಯಬೇಕು ಎನ್ನುತ್ತಿದ್ದಾರೆ. ಒಂದು ಅಂಗವನ್ನೇ ತೆಗೆದರೆ ಪಚನ ನಡೆಯುವುದೇ?

ನಿವೃತ್ತ ಶುಶ್ರೂಷಕಿ, ದಾವಣಗೆರೆ:

ನಡೆಯುತ್ತದೆ. ಪಿತ್ತರಸವನ್ನು ತಯಾರಿಸುವುದು ಯಕೃತ್ತು, ದಿನಕ್ಕೆ ಅರ್ಧದಿಂದ ಒಂದು ಲೀಟರ್. ಪಿತ್ತಕೋಶ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ, ನೀರಿನಂಶ ಹೀರಿ ಅದನ್ನು ಗಾಢವಾಗಿಸಿ ಇಟ್ಟುಕೊಳ್ಳುತ್ತದೆ. ಜಿಡ್ಡಿನ ಆಹಾರ ಸಣ್ಣ ಕರುಳಿಗೆ ಬಂದಾಗ ಅಲ್ಲಿಂದ ಒಂದು ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗಿ ಪಿತ್ತಕೋಶವನ್ನು ಹಿಂಡಿಸುತ್ತದೆ. ಆಗ ಕಲ್ಲೊಂದು ಅದರ ಬಾಯಿಗೆ ಅಡ್ಡ ಬಂದರೆ ನೋವು. ಬೆಣ್ಣೆ ದೋಸೆಯ ದಿನ ಅಣ್ಣನವರಿಗೆ ಹೆಚ್ಚಾಗುತ್ತಿದ್ದುದು ಇದಕ್ಕೇ. ಅಂಗ ತೆಗೆದ ಮೇಲೆ ಪಿತ್ತರಸ ನೇರವಾಗಿ ಕರುಳಿಗೆ ಇಳಿಯುತ್ತಿರುತ್ತದೆ. ಕೆಲವರಿಗೆ ಮೊದಲ ವಾರಗಳಲ್ಲಿ ಜಿಡ್ಡು ತಿಂದರೆ ಭೇದಿಯಾಗುವುದುಂಟು, ಬಹುತೇಕರಿಗೆ ಸರಿಹೋಗುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ಸಕ್ಕರೆ ಹತೋಟಿಗೆ ಬರಲಿ. ಹೃದಯದ ಪರೀಕ್ಷೆಯನ್ನು ಇಷ್ಟಕ್ಕೇ ಮರೆಯಬೇಡಿ, ಸಕ್ಕರೆಯಿರುವ ಐವತ್ತೆಂಟರ ವ್ಯಕ್ತಿಗೆ ವೈದ್ಯರು ಹೇಳಿದಾಗ ಮತ್ತೆ ಮಾಡಿಸಬೇಕು.

ದುರ್ಗದ ವಿದ್ಯಾರ್ಥಿನಿ:

ನನ್ನ ಕೊನೆಯ ಪ್ರಶ್ನೆ. ನೋವು ನರಗಳ ಮೂಲಕ ಬರುವುದಾದರೆ, ಬೇರೊಬ್ಬರ ಹೃದಯವನ್ನು ಕಸಿ ಮಾಡಿಸಿಕೊಂಡವರಿಗೆ ಆ ನರಗಳು ಕತ್ತರಿಸಿ ಹೋಗಿರುತ್ತವೆ ಅಲ್ಲವೇ? ಅವರಿಗೆ ಹೃದಯಾಘಾತವಾದರೆ ಗೊತ್ತಾಗುವುದು ಹೇಗೆ?

ಹರಿಹರದ ಮೇಷ್ಟ್ರು:

ಬಹಳ ಒಳ್ಳೆಯ ಪ್ರಶ್ನೆ, ತಾಯಿ. ಕ್ರಿಶ್ಚಿಯನ್ ಬರ್ನಾರ್ಡ್ ಅವರು 1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದರು, ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಕಸಿಯನ್ನು ಡಾ. ಪಿ. ವೇಣುಗೋಪಾಲ್ ಅವರು 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ನಡೆಸಿದರು. ಶಸ್ತ್ರವೈದ್ಯರು ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಹೊಲಿಯುವುದಿಲ್ಲ. ಹೊಸ ಹೃದಯ ತನ್ನ ಲಯದ ಗಂಟಿನಿಂದಲೇ ಮಿಡಿಯುತ್ತದೆ. ಅದನ್ನು ನಿಧಾನಿಸುವ ನರ ಇಲ್ಲದ್ದರಿಂದ ವಿಶ್ರಾಂತಿಯಲ್ಲೂ ನಿಮಿಷಕ್ಕೆ 90ರಿಂದ 110ರವರೆಗೆ ಓಡುತ್ತದೆ. ಮೆಟ್ಟಿಲು ಹತ್ತುವಾಗ ವೇಗ ತಡವಾಗಿ ಏರುತ್ತದೆ, ಏಕೆಂದರೆ ಅದು ರಕ್ತದಲ್ಲಿ ಬರುವ ಹಾರ್ಮೋನಿಗಾಗಿ ಕಾಯಬೇಕು. ಅದರ ರಕ್ತನಾಳಗಳು ಕಿರಿದಾದರೂ ಬಹುಮಟ್ಟಿಗೆ ಎದೆನೋವು ಬರುವುದಿಲ್ಲ. ಕೆಲವರಲ್ಲಿ ವರ್ಷಗಳ ನಂತರ ಕೆಲವು ನರಗಳು ಮತ್ತೆ ಬೆಳೆಯುವುದುಂಟು, ಅದನ್ನು ನೆಚ್ಚಿಕೊಳ್ಳಲಾಗದು. ಆದ್ದರಿಂದ ಕಸಿ ಮಾಡಿಸಿಕೊಂಡವರಿಗೆ ನೋವಿರಲಿ ಇಲ್ಲದಿರಲಿ, ನಿಗದಿತ ಕಾಲಕ್ಕೆ ಆಂಜಿಯೋಗ್ರಾಂ ಮಾಡಿ ರಕ್ತನಾಳಗಳನ್ನು ನೋಡುತ್ತಾರೆ.